ಅರವತ್ತು ದಾಟಿದ ದಂಪತಿಗಳು ಸಭೆಯ ಸೇವೆಗೆಂದು ಪರದೇಶಕ್ಕೆ ಹೊರಡುವಾಗ

ಕಾರವಾರದಲ್ಲಿ ನಮ್ಮ ಕ್ರೈಸ್ತ ಸಭೆಯವರು ಬೀಳ್ಕೊಡುಗೆ ಇಟ್ಟುಕೊಂಡ ಭಾನುವಾರ ಶಾಲು ಹೊದಿಸಿದವರೆಲ್ಲ ಕೇಳಿದ್ದು ಒಂದೇ ಮಾತು: ಅಲ್ಲಿ ಹೋಗಿ ಏನು ಬೋಧಿಸುತ್ತೀರಿ? ಟಾಂಜಾನಿಯಾದ ಕರಾವಳಿಯ ಊರಾದ ಟಾಂಗಾದಲ್ಲಿ ಹದಿನೆಂಟು ತಿಂಗಳು ಕಳೆದು ಬಂದ ಮೇಲೆ ನಾನು ಕೊಡಬಹುದಾದ ಉತ್ತರ ಕೇಳಿದವರಿಗೆ ಸಪ್ಪೆಯೆನಿಸೀತು. ಬೋಧನೆ ನಮ್ಮ ಪಾಲಿಗೆ ಬಂದದ್ದು ತೀರ ಕಡಿಮೆ. ಯಜಮಾನರು ಸಭೆಯ ಲೆಕ್ಕದ ಪುಸ್ತಕ ಸರಿಪಡಿಸಿದರು, ನಾನು ವಸತಿ ನಿಲಯದ ಹುಡುಗಿಯರಿಗೆ ಇಂಗ್ಲಿಷ್ ಪಾಠ ಹೇಳಿದೆ, ಇಬ್ಬರೂ ಸೇರಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬಂದೆವು. ಇಷ್ಟನ್ನು ವಾರಕ್ಕೆ ಐದು ದಿನ ತಪ್ಪದೆ ಮಾಡಬೇಕಾದರೆ ನೀರು, ಅನ್ನ, ನಿದ್ದೆ, ಮಾತ್ರೆ ಈ ನಾಲ್ಕು ಸರಿಯಾಗಿರಬೇಕು. ಹಿರಿಯ ದಂಪತಿಗಳ ಸೇವೆ ಕುಂಟುವುದು ಭಕ್ತಿ ಕಡಿಮೆಯಾಗಿ ಅಲ್ಲ, ಮನೆಯ ಕಟ್ಟು ತಪ್ಪಿದಾಗ ಎಂಬುದು ನನ್ನ ಅನುಭವ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಪರದೇಶದಲ್ಲಿ ಮನೆ ನಡೆಸುವ ಬಗೆಯನ್ನು. ನಮ್ಮ ಜಿಲ್ಲೆಯ ಬೇರೆ ಸಭೆಗಳಿಂದಲೂ ನಿವೃತ್ತರು ಹೀಗೆ ಹೊರಡುವ ಯೋಚನೆಯಲ್ಲಿರುವುದರಿಂದ ಇದು ಅವರ ಉಪಯೋಗಕ್ಕೆ ಬರಬಹುದು.

ಒಪ್ಪಿಕೊಳ್ಳುವ ಮೊದಲು ಕೇಳಬೇಕಾದದ್ದು

ಅವಧಿಯೂ ಖರ್ಚಿನ ಹೊಣೆಯೂ ಸಭೆಯಿಂದ ಸಭೆಗೆ ಬೇರೆ. ಮಾರ್ಮನ್ನರೆಂದು ಕರೆಯಲಾಗುವ ಅಮೆರಿಕ ಮೂಲದ ಲ್ಯಾಟರ್ ಡೇ ಸೇಂಟ್ಸ್ ಸಭೆಯಲ್ಲಿ ಹಿರಿಯ ದಂಪತಿಗಳು 6 ತಿಂಗಳಿನಿಂದ 23 ತಿಂಗಳವರೆಗೆ ಸೇವೆಗೆ ಹೋಗುತ್ತಾರೆ ಮತ್ತು ಅದರ ಖರ್ಚನ್ನು ಹೆಚ್ಚಾಗಿ ತಾವೇ ಭರಿಸುತ್ತಾರೆ. ನಮ್ಮ ವಿಷಯದಲ್ಲಿ ಬಾಡಿಗೆ ಮನೆ ಕರೆದವರದು, ವಿಮಾನದ ಟಿಕೆಟ್ ಮತ್ತು ಊಟದ ಖರ್ಚು ನಮ್ಮದು ಎಂದು ಮಾತಾಗಿತ್ತು. ಏನೇ ಇದ್ದರೂ ಮಾತನ್ನು ಮಾತಾಗಿಯೇ ಬಿಡದೆ ಕಾಗದದಲ್ಲಿ ಬರೆಸಿಕೊಳ್ಳಬೇಕು. ಬಾಡಿಗೆ ಯಾರು ಕೊಡುತ್ತಾರೆ, ವಾಸದ ಪರವಾನಗಿಯ ಶುಲ್ಕ ಯಾರದು, ಆಸ್ಪತ್ರೆ ಸೇರಬೇಕಾಗಿ ಬಂದರೆ ಯಾವ ವಿಮೆ, ಇಬ್ಬರಲ್ಲಿ ಒಬ್ಬರಿಗೆ ನಡುವೆಯೇ ಊರಿಗೆ ಮರಳಬೇಕಾದರೆ ಏನು ಏರ್ಪಾಡು ಎಂಬುದೆಲ್ಲ ಅದರಲ್ಲಿರಲಿ. ಒಬ್ಬರು ಅಲ್ಲಿಯೇ ತೀರಿಕೊಂಡರೆ ಏನು ಮಾಡಬೇಕೆಂಬುದನ್ನೂ ಬರೆಸಬೇಕು. ಹೊರಡುವ ಹೊತ್ತಿನಲ್ಲಿ ಇದೆಂಥ ಅಪಶಕುನದ ಮಾತು ಎಂದು ಮಗಳು ರೇಗಿದಳು. ಆದರೆ ಆ ಒಂದು ಸಾಲು ಬರೆಸಿಟ್ಟಿದ್ದರಿಂದ ನಾನಂತೂ ಅಲ್ಲಿ ನಿಶ್ಚಿಂತೆಯಾಗಿ ಮಲಗಿದೆ.

ಪ್ರವಾಸಿ ವೀಸಾದಲ್ಲಿ ಹೋಗಿ ಸಭೆಯ ಕೆಲಸ ಮಾಡುವುದು ಸಲ್ಲದು. ಸೇವೆಗೆ ಬರುವವರಿಗೆ ಬೇಕಾದ ವಾಸದ ಪರವಾನಗಿಗೆ ಕರೆದ ಸಭೆಯವರೇ ಅರ್ಜಿ ಹಾಕಬೇಕಾಗುತ್ತದೆ. ಅದು ಕೈಸೇರಿದ ಮೇಲೆಯೇ ಟಿಕೆಟ್ ಕೊಳ್ಳಿರಿ.

ಊರಿನ ಮನೆಗೆ ಬೀಗ ಹಾಕುವ ಮುನ್ನ

ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲ ಬೀಗ ಹಾಕಿದ ಮನೆ ಏನಾಗುತ್ತದೆ ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಂಚು ಸರಿದಿರುತ್ತದೆ, ಕಪಾಟಿನ ಬಟ್ಟೆಗೆ ಬೂಸ್ಟು ಹಿಡಿದಿರುತ್ತದೆ, ಬಾಗಿಲ ಚೌಕಟ್ಟಿಗೆ ಒರಲೆ ಹತ್ತಿರುತ್ತದೆ. ಬೀಗದ ಕೈಯನ್ನು ಸಂಬಂಧಿಕರಿಗಿಂತ ಪಕ್ಕದ ಮನೆಯವರಿಗೆ ಕೊಡುವುದೇ ಮೇಲು. ಸಂಬಂಧಿಕರು ವಿಶೇಷದ ದಿನ ಮಾತ್ರ ಬರುತ್ತಾರೆ, ಪಕ್ಕದವರು ದಿನವೂ ನೋಡುತ್ತಾರೆ. ವಾರಕ್ಕೊಮ್ಮೆ ಕಿಟಕಿ ತೆರೆಯುವುದು, ಮೇ ಕೊನೆಯೊಳಗೆ ಹಂಚು ಕೈಯಾಡಿಸುವುದು, ತೆಂಗಿನಕಾಯಿ ಕೊಯ್ಯಿಸಿ ಅದರ ಹಣವನ್ನು ವಿದ್ಯುತ್ ಬಿಲ್ಲಿಗೂ ತೆರಿಗೆಗೂ ವಜಾ ಹಾಕಿಕೊಳ್ಳುವುದು ಎಂಬ ಮೂರು ಕೆಲಸಗಳನ್ನು ನಾವು ಅವರಿಗೆ ಒಪ್ಪಿಸಿದ್ದೆವು.

ಪಿಂಚಣಿದಾರರು ಮರೆಯಬಾರದ ತಿಂಗಳು ನವೆಂಬರ್. ಬದುಕಿದ್ದೇವೆಂಬ ಪ್ರಮಾಣಪತ್ರ ಹೋಗದಿದ್ದರೆ ಪಿಂಚಣಿ ನಿಲ್ಲುತ್ತದೆ. ಮೊಬೈಲಿನಲ್ಲಿ ಮುಖಚಹರೆ ತೋರಿಸಿ ಜೀವನ್ ಪ್ರಮಾಣ ಸಲ್ಲಿಸುವ ವ್ಯವಸ್ಥೆ 2021ರಿಂದ ಇದೆ. ಅದನ್ನು ಪರದೇಶದಲ್ಲಿ ಮೊದಲ ಬಾರಿ ಪ್ರಯತ್ನಿಸುವ ಬದಲು ಊರಿನಲ್ಲಿದ್ದಾಗಲೇ ಒಮ್ಮೆ ಮಾಡಿ ಕಲಿಯಬೇಕು. ಆಗದಿದ್ದರೆ ಭಾರತದ ರಾಯಭಾರ ಕಚೇರಿಯ ಅಧಿಕಾರಿಯ ಮುಂದೆ ಹಾಜರಾಗಿ ಸಹಿ ಮಾಡಿಸುವ ದಾರಿಯಿದೆ, ಆದರೆ ಟಾಂಗಾದಿಂದ ನಮ್ಮ ಹೈಕಮಿಷನ್ ಇರುವ ದಾರ್ ಎಸ್ ಸಲಾಮ್‌ಗೆ ಬಸ್ಸಿನಲ್ಲಿ ಆರೇಳು ತಾಸು ಹಿಡಿಯುತ್ತದೆ. ಬ್ಯಾಂಕಿನ ಓಟಿಪಿ ಬರುವುದು ಊರಿನ ಸಿಮ್ಮಿಗೇ ಆದ್ದರಿಂದ ವಿಮಾನ ಹತ್ತುವ ಮೊದಲೇ ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜ್ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ದೀರ್ಘ ಕಾಲ ಹೊರಗಿರುವವರ ಉಳಿತಾಯ ಖಾತೆಯನ್ನು ಬೇರೆ ಬಗೆಗೆ ಬದಲಿಸಬೇಕಾಗುತ್ತದೆಯೇ ಎಂಬುದನ್ನೂ ಬ್ಯಾಂಕಿನಲ್ಲಿ ಕೇಳಿಕೊಳ್ಳಬೇಕು.

ಔಷಧಿಯ ವಿಷಯದಲ್ಲಿ ಎರಡು ಎಚ್ಚರ ಬೇಕು. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿಗೆ ಬದಲಾಗಿ ಔಷಧದ ಮೂಲ ಹೆಸರನ್ನೇ ಬರೆಸಿಕೊಳ್ಳಿ, ಏಕೆಂದರೆ ನಮ್ಮ ಊರಿನ ಮಾತ್ರೆಯ ಹೆಸರು ಅಲ್ಲಿಯ ಅಂಗಡಿಯವರಿಗೆ ತಿಳಿಯುವುದಿಲ್ಲ. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಏಕೆಂದರೆ ದೊಡ್ಡ ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೂ ಬಿ.ಪಿ. ಮಾತ್ರೆ ಕಾಯುವುದಿಲ್ಲ. ಇನ್ನು ಹಳದಿ ಜ್ವರದ ಲಸಿಕೆ. ಟಾಂಗಾ ಕೆನ್ಯಾದ ಗಡಿಗೆ ಹತ್ತಿರವಿರುವುದರಿಂದ ಸಭೆಯ ಕೆಲಸಕ್ಕೆ ಮೊಂಬಾಸಕ್ಕೆ ಹೋಗಬೇಕಾಗಿ ಬರುವುದುಂಟು. ಕೆನ್ಯಾ, ಇಥಿಯೋಪಿಯಾದಂಥ ದೇಶಗಳಲ್ಲಿ ಇದ್ದು ಭಾರತಕ್ಕೆ ಮರಳುವವರನ್ನು ಈ ಲಸಿಕೆಯ ಪ್ರಮಾಣಪತ್ರವಿಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ 10 ದಿನಗಳ ನಂತರವಷ್ಟೇ ಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೊಂದರೆಯಾಗುವ ಸಂಭವ ಉಳಿದವರಿಗಿಂತ ಹೆಚ್ಚು. ಹಾಗಾಗಿ ನಿಮ್ಮ ವೈದ್ಯರನ್ನು ಕೇಳದೆ ನೇರವಾಗಿ ಲಸಿಕೆ ಕೇಂದ್ರಕ್ಕೆ ಹೋಗಬೇಡಿ.

ಸಾಮಾನು ಕಟ್ಟುವಾಗ ನಾವು ಮಾಡಿದ ತಪ್ಪು ನಗೆ ಬರಿಸುವಂಥದ್ದು. ನಮ್ಮ ಪದ್ಧತಿಯಂತೆ ಪ್ರತಿಯೊಂದನ್ನೂ ಪ್ಲಾಸ್ಟಿಕ್ ಕೈಚೀಲದಲ್ಲಿ ಸುತ್ತಿ, ಗಂಟು ಹಾಕಿ, ಅದನ್ನು ಇನ್ನೊಂದು ಚೀಲದಲ್ಲಿ ಇಟ್ಟಿದ್ದೆವು. ಟಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ, ಕೆನ್ಯಾದಲ್ಲಿ 2017ರಿಂದಲೇ ಇದೆ. ಹೊರಡುವ ಹಿಂದಿನ ರಾತ್ರಿ ಯಾರೋ ಹೇಳಿದ್ದರಿಂದ ಹನ್ನೊಂದು ಗಂಟೆಗೆ ಎರಡೂ ಪೆಟ್ಟಿಗೆ ಬಿಚ್ಚಿ ಹಳೆಯ ಪಂಜಿಯ ತುಂಡುಗಳಲ್ಲಿ ಮತ್ತೆ ಕಟ್ಟಿದೆವು. ಅಂಕೋಲೆಯ ಗೋಡಂಬಿ ಒಯ್ಯಬೇಕೆಂದಿದ್ದವರು ಬಿಡಬಹುದು, ಅಲ್ಲಿ ಗೋಡಂಬಿಯೂ ತೆಂಗೂ ಲವಂಗವೂ ಬೆಳೆಯುವುದರಿಂದ ಅದು ಸಮುದ್ರಕ್ಕೆ ಉಪ್ಪು ಹೊತ್ತಂತೆ. ಇಂಗು, ಸಾಸಿವೆ, ಮೆಂತೆ ಅಲ್ಲಿಯ ಗುಜರಾತಿಗಳ ಅಂಗಡಿಯಲ್ಲಿ ಸಿಗುತ್ತವೆ. ಒಯ್ಯಬೇಕಾದದ್ದು ಎರಡು ಜೊತೆ ಕನ್ನಡಕ, ಓದಿ ರೂಢಿಯಾದ ಕನ್ನಡ ಬೈಬಲ್, ಹಗುರ ಹತ್ತಿ ಸೀರೆ, ಚೌಕ ಮೂರು ಕಡ್ಡಿಯ ಸಾಕೆಟ್ಟಿಗೆ ಹೊಂದುವ ಪ್ಲಗ್ಗು.

ದಿನದ ಕಟ್ಟು

ಮೊದಲ ವಾರದಲ್ಲಿ ಬಿಡಿಸಿಕೊಳ್ಳಬೇಕಾದ ಒಗಟು ಗಡಿಯಾರದ್ದು. ಸ್ವಾಹಿಲಿ ಮಾತಾಡುವವರು ತಾಸನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ‘ಸಾ ಮೋಜಾ’, ಅಂದರೆ ಒಂದು ಗಂಟೆ. ಹೆಂಗಸರ ಪ್ರಾರ್ಥನಾ ಕೂಟ ‘ಸಾ ತಾತು’ಗೆ ಎಂದು ಕೇಳಿಸಿಕೊಂಡು, ತಾತು ಎಂದರೆ ಮೂರು ಎಂಬಷ್ಟು ಪಾಂಡಿತ್ಯ ನನಗಾಗಲೇ ಬಂದಿದ್ದರಿಂದ, ಮಧ್ಯಾಹ್ನ ಮೂರಕ್ಕೆ ಸೀರೆ ಉಟ್ಟು ಹೋದೆ. ಅಂಗಳ ಗುಡಿಸುತ್ತಿದ್ದ ಹುಡುಗಿ ಒಬ್ಬಳೇ ಇದ್ದಳು. ಕೂಟ ಬೆಳಿಗ್ಗೆ ಒಂಬತ್ತಕ್ಕೆ ಆಗಿತ್ತು, ಹೊಸ ಅಮ್ಮನಿಗೆಂದು ಚಹಾ ಮಾಡಿಟ್ಟು ಕಾದಿದ್ದರಂತೆ. ಇದಕ್ಕೆ ಯಜಮಾನರು ಕಂಡುಕೊಂಡ ಉಪಾಯ ಸುಲಭ: ಕೈಗಡಿಯಾರದಲ್ಲಿ ತಾಸಿನ ಮುಳ್ಳು ತೋರಿಸುವ ಅಂಕೆಯನ್ನು ಬಿಟ್ಟು ಅದರ ನೇರ ಎದುರಿಗಿರುವ ಅಂಕೆಯನ್ನು ಓದಿದರೆ ಸ್ವಾಹಿಲಿ ಸಮಯ ಸಿಗುತ್ತದೆ. ಒಂಬತ್ತರ ಎದುರು ಮೂರು, ಏಳರ ಎದುರು ಒಂದು. ಸೂರ್ಯೋದಯದಿಂದ ಘಳಿಗೆ ಎಣಿಸುವ ಪಂಚಾಂಗ ನೋಡಿ ಬೆಳೆದವರಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ಭೂಮಧ್ಯರೇಖೆಗೆ ಹತ್ತಿರದ ಊರಾದ್ದರಿಂದ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟಿ ಮುಳುಗುತ್ತಾನೆ, ಹಾಗಾಗಿ ಲೆಕ್ಕ ತಪ್ಪುವುದಿಲ್ಲ.

ಐದೂವರೆಗೆ ಏಳುವುದು, ಹತ್ತರೊಳಗೆ ಹೊರಗಿನ ಕೆಲಸ ಮುಗಿಸುವುದು, ಹನ್ನೆರಡರಿಂದ ಮೂರರವರೆಗೆ ಮನೆಯೊಳಗಿರುವುದು, ಮತ್ತೆ ನಾಲ್ಕರಿಂದ ಆರರವರೆಗೆ ಮನೆ ಭೇಟಿ: ಈ ವೇಳಾಪಟ್ಟಿಯನ್ನು ನಾವು ಎರಡನೆಯ ತಿಂಗಳಲ್ಲಿ ಹಿಡಿದೆವು. ಮೊದಲ ತಿಂಗಳು ಉತ್ಸಾಹದಲ್ಲಿ ಮಧ್ಯಾಹ್ನದ ಬಿಸಿಲಲ್ಲೂ ತಿರುಗಿ ಇಬ್ಬರೂ ಸುಸ್ತಾಗಿದ್ದೆವು. ಅಲ್ಲಿಯ ಮಳೆ ನಮ್ಮ ಮಳೆಯಂತಲ್ಲ. ದೊಡ್ಡ ಮಳೆ ಮಾರ್ಚಿನಿಂದ ಮೇವರೆಗೆ, ಸಣ್ಣ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಕಾರವಾರದಲ್ಲಿ ಹೊರಗೆ ಕಾಲಿಡಲಾಗದ ಜೂನ್, ಜುಲೈ ಅಲ್ಲಿ ತಂಪಾದ ಒಣ ತಿಂಗಳುಗಳಾದ್ದರಿಂದ ದೂರದ ಹಳ್ಳಿಗಳ ಭೇಟಿಯನ್ನು ಆಗಲೇ ಇಟ್ಟುಕೊಳ್ಳಬೇಕು.

ಮನೆಯ ವಿದ್ಯುತ್ತಿಗೆ ಮುಂಗಡ ಹಣ ಕಟ್ಟುವ ‘ಲುಕು’ ಮೀಟರು. ಮೊಬೈಲಿನಿಂದ ಹಣ ಕಳುಹಿಸಿದರೆ 20 ಅಂಕೆಗಳ ಒಂದು ಸಂಖ್ಯೆ ಬರುತ್ತದೆ, ಅದನ್ನು ಮೀಟರಿನ ಗುಂಡಿಗಳಲ್ಲಿ ಒತ್ತಬೇಕು. ಕತ್ತಲಾದ ಮೇಲೆ ವಿದ್ಯುತ್ತು ಮುಗಿದರೆ ಅದೇ ಒಂದು ಕಸರತ್ತು. ಯಜಮಾನರು ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನಾಲ್ಕು ನಾಲ್ಕೇ ಅಂಕೆ ಓದುವುದು, ನಾನು ಟಾರ್ಚು ಬಾಯಲ್ಲಿ ಕಚ್ಚಿ ಒತ್ತುವುದು, ಹದಿನೇಳನೆಯ ಅಂಕೆಗೆ ಬಂದಾಗ ‘ನೀವು ಆರು ಅಂದ್ರೋ ಎಂಟು ಅಂದ್ರೋ’ ಎಂದು ಕೇಳಲು ಬಾಯಿ ತೆರೆದರೆ ಟಾರ್ಚು ಕೆಳಗೆ ಬೀಳುವುದು. ಆದ್ದರಿಂದ ಶನಿವಾರ ಹಗಲಲ್ಲಿ ಮೀಟರು ನೋಡಿ ತುಂಬಿಸಿಕೊಳ್ಳುವ ರೂಢಿ ಮಾಡಿಕೊಳ್ಳಿ. ಅಲ್ಲಿಯ ಮೊಬೈಲ್ ಸಿಮ್ ಬೆರಳಚ್ಚು ಕೊಟ್ಟು ನೋಂದಾಯಿಸಬೇಕಾದದ್ದು. ಹಾಲಿನವನಿಂದ ಹಿಡಿದು ಎಲ್ಲರೂ ಮೊಬೈಲ್ ಹಣವನ್ನೇ ಬಳಸುವುದರಿಂದ ಆ ಕೆಲಸವನ್ನು ಮೊದಲ ದಿನವೇ ಸಭೆಯ ಯುವಕರೊಬ್ಬರ ಜೊತೆ ಹೋಗಿ ಮುಗಿಸಬೇಕು.

ಅಡಿಗೆಯ ಬಗ್ಗೆ ನಮ್ಮ ಕಡೆಯವರು ಅಂಜಬೇಕಾಗಿಲ್ಲ. ಅಲ್ಲಿಯ ಮನೆಗಳಲ್ಲಿ ಕಾಯಿ ತುರಿಯಲು ‘ಎಂಬುಜಿ’ ಎಂಬ ಸಾಧನವಿದೆ. ಎಂಬುಜಿ ಎಂದರೆ ಆಡು. ತಗ್ಗಾದ ಮರದ ಪೀಠ, ಮುಂದೆ ಚಾಚಿದ ಕಬ್ಬಿಣದ ಹಲ್ಲು, ಅದರ ಮೇಲೆ ಕುಳಿತು ಕಾಯಿಹೋಳನ್ನು ತಿರುಗಿಸುತ್ತಾ ತುರಿಯುವುದು. ಪಕ್ಕದ ಮನೆಯಾಕೆ ಅದನ್ನು ಹೊರಗೆ ತಂದಿಟ್ಟಾಗ ನಾನು ಕೇಳದೆಯೇ ಹೋಗಿ ಕುಳಿತು ಅರ್ಧ ಕಾಯಿ ತುರಿದುಕೊಟ್ಟೆ. ಭಾಷೆ ಬರದ ಆ ದಿನಗಳಲ್ಲಿ ನನಗೆ ಸಿಕ್ಕ ಮೊದಲ ಸ್ನೇಹ ಅದು. ಹರಿವೆ ಸೊಪ್ಪಿಗೆ ‘ಎಂಚಿಚಾ’, ಹೆಸರುಕಾಳಿಗೆ ‘ಚೊರೊಕೊ’, ತೊಗರಿಗೆ ‘ಎಂಬಾಜಿ’ ಎನ್ನುತ್ತಾರೆ. ಹಸಿ ತೊಗರಿಕಾಳನ್ನು ತೆಂಗಿನ ಹಾಲಿನಲ್ಲಿ ಬೇಯಿಸುವುದು ಅಲ್ಲಿಯ ರೂಢಿ. ರಾಗಿಗೆ ‘ಉಲೆಜಿ’, ಬೆಳಿಗ್ಗೆ ಅದರ ‘ಉಜಿ’ ಕುಡಿಯುತ್ತಾರೆ, ಅದು ನಮ್ಮ ಅಂಬಲಿಯೇ. ಸಿಗದೇ ಇದ್ದದ್ದು ಕುಚ್ಚಲಕ್ಕಿ. ಗಂಜಿಯ ಹೊತ್ತಿಗೆ ಯಜಮಾನರ ಮುಖ ಸಣ್ಣದಾಗುತ್ತಿತ್ತು, ಅದಕ್ಕೆ ಮದ್ದು ನನಗೂ ಸಿಗಲಿಲ್ಲ. ಮೀನು ಮಾತ್ರ ಯಥೇಚ್ಛ, ನಮ್ಮ ಇಸ್ವಾಣದಂಥದಕ್ಕೆ ‘ಎನ್‌ಗುರು’ ಎಂದು ಕೇಳಿ ಕೊಳ್ಳಬೇಕು. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ, ಯಾರ ಮನೆಯ ಉಪಚಾರಕ್ಕೂ ಈ ನಿಯಮ ಮುರಿಯಬೇಡಿ. ಹೋದ ಮನೆಯಲ್ಲಿ ಬಿಸಿ ಚಹಾ ಕೇಳಿದರೆ ಅವರಿಗೂ ಬೇಸರವಿಲ್ಲ.

ಊರಿಗೆ ಫೋನು ಮಾಡುವ ವೇಳೆಯನ್ನು ನಿಗದಿ ಮಾಡಿಕೊಳ್ಳಬೇಕು. ಭಾರತ ಎರಡೂವರೆ ತಾಸು ಮುಂದಿದೆ. ಅಲ್ಲಿಯ ಸಂಜೆ ಐದು ಇಲ್ಲಿಯ ಏಳೂವರೆ, ಮೊಮ್ಮಕ್ಕಳ ಓದು ಮುಗಿದಿರುತ್ತದೆ, ಊಟ ಶುರುವಾಗಿರುವುದಿಲ್ಲ. ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದ ಮೊದಲ ವಾರಗಳಲ್ಲಿ ನನ್ನ ಮನಸ್ಸು ಪೂರಾ ಊರಲ್ಲೇ ಇತ್ತು. ವಾರಕ್ಕೆ ಮೂರು ದಿನ ಎಂದು ಮಾಡಿಕೊಂಡ ಮೇಲೆ ಎರಡೂ ಕಡೆ ಹೇಳುವುದಕ್ಕೆ ಸುದ್ದಿ ಇರುತ್ತಿತ್ತು.

ಭಾಷೆ, ಬಾಗಿಲು, ಗೌರವ

ಜರ್ಮನಿಯಿಂದ ಬಾಸೆಲ್ ಮಿಷನ್ನಿನ ಕೆಲಸಕ್ಕೆಂದು 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ನಮಗೆ ಕನ್ನಡ ನಿಘಂಟು ಕೊಟ್ಟರು. ನಿವೃತ್ತರಿಂದ ಅಷ್ಟನ್ನು ಯಾರೂ ನಿರೀಕ್ಷಿಸುವುದಿಲ್ಲ, ಆದರೆ ದಿನಕ್ಕೆ ಐದು ಪದ ಕಲಿಯುವುದು ಅರವತ್ತೈದರಲ್ಲೂ ಸಾಧ್ಯ. ಸ್ವಾಹಿಲಿಯಲ್ಲಿ ಅಂಗಡಿಗೆ ‘ದುಕಾ’, ವಾಹನಕ್ಕೆ ‘ಗಾರಿ’, ಬಣ್ಣಕ್ಕೆ ‘ರಂಗಿ’, ಔಷಧಿಗೆ ‘ದವಾ’, ಲೆಕ್ಕಕ್ಕೆ ‘ಹೆಸಾಬು’. ದುಕಾನು, ಗಾಡಿ, ರಂಗು, ದವಾಖಾನೆ, ಹಿಸಾಬು ಎಂದು ಮಾತಾಡುವ ಉತ್ತರ ಕನ್ನಡದವರಿಗೆ ಇವು ಅರ್ಧ ಬಂದಂತೆಯೇ.

ಯಾರ ಮನೆಗೆ ಹೋದರೂ ಹೊರಗೆ ನಿಂತು ‘ಹೋದಿ’ ಎಂದು ಕೂಗಬೇಕು, ಒಳಗಿನಿಂದ ‘ಕರಿಬು’ ಎಂಬ ಉತ್ತರ ಬಂದ ಮೇಲೆಯೇ ಹೊಸ್ತಿಲು ದಾಟಬೇಕು. ಬಂದವರಿಗೆ ಮೊದಲು ಆಸರಿಗೆ ಕೇಳುವ ಸಿರ್ಸಿ ಕಡೆಯ ಮನೆಗಳಂತೆ ಅಲ್ಲಿಯೂ ಏನಾದರೂ ಕುಡಿಯದೆ ಎದ್ದು ಬರುವಂತಿಲ್ಲ. ಕಿರಿಯರು ಹಿರಿಯರಿಗೆ ‘ಶಿಕಮೂ’ ಎನ್ನುತ್ತಾರೆ, ನಿಮ್ಮ ಪಾದ ಹಿಡಿಯುತ್ತೇನೆ ಎಂಬುದು ಅದರ ಮೂಲಾರ್ಥವಂತೆ. ಅದಕ್ಕೆ ‘ಮರಹಬಾ’ ಎಂದು ಉತ್ತರಿಸಬೇಕು. ನಾವು ಅದನ್ನು ತಿಳಿಯದೆ ಮೊದಲ ದಿನಗಳಲ್ಲಿ ಮಕ್ಕಳಿಗೆ ತಿರುಗಿ ‘ಶಿಕಮೂ’ ಎಂದು ಅವರನ್ನು ಕಕ್ಕಾಬಿಕ್ಕಿ ಮಾಡಿದ್ದೆವು. ಅಜ್ಜನಿಗೆ ‘ಬಾಬು’, ಅಜ್ಜಿಗೆ ‘ಬೀಬಿ’ ಎಂದು ಅಲ್ಲಿಯ ಮಾತು. ಕಾರವಾರದ ಕಡೆ ಮನೆಯ ಗಂಡುಹುಡುಗನನ್ನು ಕರೆಯುವ ಹೆಸರು ಎಪ್ಪತ್ತರ ಹತ್ತಿರದಲ್ಲಿ ಮರಳಿ ಬಂತೆಂದು ಯಜಮಾನರಿಗೆ ಖುಷಿ. ಟಾಂಗಾದಲ್ಲಿ ಮುಸಲ್ಮಾನರು ಬಹಳವಿದ್ದಾರೆ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಬೀದಿಯಲ್ಲಿ ತಿನ್ನುವುದನ್ನೂ ಕುಡಿಯುವುದನ್ನೂ ಬಿಡಬೇಕು.

ಇಬ್ಬರೇ ಇರುವ ಮನೆ

ಇದರ ಬಗ್ಗೆ ಯಾರೂ ನಮಗೆ ಹೇಳಿರಲಿಲ್ಲ. ಊರಿನಲ್ಲಿ ಯಜಮಾನರಿಗೆ ಸಂಜೆ ಕಡಲದಂಡೆಯ ಗೆಳೆಯರಿದ್ದರು, ನನಗೆ ಅಕ್ಕಪಕ್ಕದವರಿದ್ದರು. ಮದುವೆಯಾಗಿ ನಲವತ್ತು ವರ್ಷವಾದರೂ ಇಪ್ಪತ್ನಾಲ್ಕು ತಾಸು ಎದುರುಬದುರು ಕುಳಿತ ಅಭ್ಯಾಸ ನಮಗಿರಲಿಲ್ಲ. ನಾಲ್ಕನೆಯ ತಿಂಗಳಲ್ಲಿ, ಸಭೆಯ ಯುವಕರ ಮುಂದೆ ನಾನು ಹೇಳಿದ ಲೆಕ್ಕವನ್ನು ಯಜಮಾನರು ‘ಅದು ಹಾಗಲ್ಲ, ಇವಳಿಗೆ ಗೊತ್ತಿಲ್ಲ’ ಎಂದು ತಿದ್ದಿದ ದಿನ ಮನೆಯಲ್ಲಿ ಮಾತು ನಿಂತಿತು. ಎರಡು ದಿನ ಉಪ್ಪಿನ ಡಬ್ಬಿ ಕೂಡ ಕೇಳದೆ ತಾವೇ ಎದ್ದು ತೆಗೆದುಕೊಂಡರು. ಮೂರನೆಯ ದಿನ ‘ಮಾರಾಯ್ತಿ, ಇಲ್ಲಿ ನನಗೆ ಜಗಳಾಡುವುದಕ್ಕೂ ನೀನೊಬ್ಬಳೇ ಇದ್ದೀಯ’ ಎಂದರು.

ಆಮೇಲೆ ನಾವು ಮಾಡಿಕೊಂಡ ಏರ್ಪಾಡನ್ನು ಹಾಗೆಯೇ ಕೊಡುತ್ತೇನೆ. ದಿನಕ್ಕೆ ಎರಡು ತಾಸು ಇಬ್ಬರೂ ಬೇರೆ ಬೇರೆ ಕಡೆ ಇರಬೇಕು, ಮಳೆಯಿದ್ದರೆ ಬೇರೆ ಕೋಣೆಯಲ್ಲಾದರೂ. ಇಬ್ಬರ ಕೆಲಸವೂ ಬೇರೆ, ಒಬ್ಬರ ಕೆಲಸದಲ್ಲಿ ಮತ್ತೊಬ್ಬರು ಕೇಳಿದರಷ್ಟೇ ಬಾಯಿ ಹಾಕಬೇಕು. ತಪ್ಪು ತಿದ್ದುವುದಿದ್ದರೆ ಕನ್ನಡದಲ್ಲಿ, ಮನೆಗೆ ಬಂದ ಮೇಲೆ. ಅಡಿಗೆ ವಾರದಲ್ಲಿ ಎರಡು ದಿನ ಯಜಮಾನರದು. ಸೇವೆಗೆ ಕರೆ ಬಂದದ್ದು ದಂಪತಿಗಳಿಗಾದರೆ ಪಾತ್ರೆ ತೊಳೆಯುವ ಕರೆ ಮಾತ್ರ ಹೆಂಡತಿಗೆ ಬಂದದ್ದಲ್ಲ ಎಂದು ನಾನು ಹೇಳಿದಾಗ ಅವರು ನಕ್ಕರು, ಆದರೆ ಮಾಡಿದರು. ಅವರ ಬಂಗಡೆ ಸಾರು ನನ್ನದಕ್ಕಿಂತ ಚೆನ್ನಾಗಿ ಆಗುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಜ್ವರ ಬಂದರೆ

ಮಲೇರಿಯಾ ಇರುವ ಊರು. ಸೊಳ್ಳೆಪರದೆಯನ್ನು ಸೂರ್ಯ ಮುಳುಗುವ ಮೊದಲೇ ಇಳಿಬಿಟ್ಟು ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ಮೈ ಬೆಚ್ಚಗಾದರೆ ಬರೀ ಪ್ಯಾರಾಸಿಟಮಾಲ್ ನುಂಗಿ ನಾಳೆ ನೋಡೋಣ ಎನ್ನುವ ನಮ್ಮ ರೂಢಿ ಅಲ್ಲಿ ಅಪಾಯದ್ದು, ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ಊರಿಗೆ ಮರಳಿದ ಮೇಲೆ ಜ್ವರ ಬಂದರೂ ನೀವು ಎಲ್ಲಿದ್ದು ಬಂದಿರೆಂದು ಇಲ್ಲಿಯ ವೈದ್ಯರಿಗೆ ಮೊದಲು ಹೇಳಬೇಕು. ರಕ್ತದ ಗುಂಪು, ನಿತ್ಯದ ಮಾತ್ರೆ, ವಿಮೆಯ ಸಂಖ್ಯೆ, ಮಕ್ಕಳ ಫೋನ್ ನಂಬರು ಬರೆದ ಒಂದು ಹಾಳೆ ಬಾಗಿಲ ಹಿಂದೆ ಅಂಟಿಸಿರಲಿ. ಅದನ್ನು ಇಂಗ್ಲಿಷಿನಲ್ಲಿಯೂ ಸ್ವಾಹಿಲಿಯಲ್ಲಿಯೂ ಬರೆಸಿಡಿ, ಏಕೆಂದರೆ ಅಪರಾತ್ರಿಯಲ್ಲಿ ಸಹಾಯಕ್ಕೆ ಬರುವವರು ಪಕ್ಕದ ಮನೆಯವರೇ.

ಮನೆ ಬಿಟ್ಟುಕೊಡುವಾಗ

ಹೊರಡುವ ತಿಂಗಳಿಗೆ ಮುಂಚೆಯೇ ಒಂದು ನೋಟುಪುಸ್ತಕ ಬರೆಯಲು ಶುರುಮಾಡಿ: ಯಾವ ನಲ್ಲಿಯ ತಿರುಪು ಎಡಕ್ಕೆ ತಿರುಗುತ್ತದೆ, ನೀರು ಯಾವ ವಾರ ಬರುತ್ತದೆ, ಹಾಸಿಗೆ ಹಿಡಿದ ಯಾವ ಅಜ್ಜಿಗೆ ಚಹಾಕ್ಕೆ ಸಕ್ಕರೆ ಹಾಕಬಾರದು, ಲೆಕ್ಕದ ಪುಸ್ತಕ ಯಾವ ತಾರೀಖಿನವರೆಗೆ ಬರೆದಿದೆ. ನಮ್ಮ ನಂತರ ಬಂದ ದಂಪತಿಗಳಿಗೆ ನಾವು ಆ ಪುಸ್ತಕವನ್ನೂ ಮೀಟರಿನ ಪಕ್ಕ ತೂಗುಹಾಕಿದ್ದ ಟಾರ್ಚನ್ನೂ ಬಿಟ್ಟು ಬಂದೆವು. ಪಕ್ಕದ ಮನೆಯಾಕೆ ಎಂಬುಜಿಯೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ವಿಮಾನದ ತೂಕಕ್ಕೆ ಅದು ಎರಡು ಕಿಲೋ ಹೆಚ್ಚಾಯಿತು, ಯಜಮಾನರು ತಮ್ಮ ಚಪ್ಪಲಿ ಜೊತೆಯನ್ನೂ ಎರಡು ಪುಸ್ತಕಗಳನ್ನೂ ಹೊರಗೆ ತೆಗೆದಿಟ್ಟರು.